ಕೌದಿಯ ಧರ್ಮವಿಚಾರ

ಉಳಿಸುವುದು ಗುಣವೆಂದು ಎಲ್ಲರೂ ಹೇಳುತ್ತಾರೆ. ಕೂಡಿಡುವುದು ದೋಷವೆಂದೂ ಎಲ್ಲರೂ ಹೇಳುತ್ತಾರೆ. ಆದರೆ ಉಳಿಸುವುದು ಎಲ್ಲಿ ಮುಗಿದು ಕೂಡಿಡುವುದು ಎಲ್ಲಿ ಮೊದಲಾಗುವುದೆಂಬುದನ್ನು ನಿರ್ಣಯಿಸುವುದು ಅಷ್ಟು ಸುಲಭವಲ್ಲ. ಧನದ ವಿಷಯದಲ್ಲಿ ಈ ಪ್ರಶ್ನೆಯನ್ನು ನೀತಿಶಾಸ್ತ್ರಕಾರರು ಬಹುವಾಗಿ ಚರ್ಚಿಸಿರುವರು. ಧನಕ್ಕಿಂತ ತೀರ ಅಲ್ಪವಾದ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ವಸ್ತುವಿನಲ್ಲಿ ಇದೇ ಪ್ರಶ್ನೆಯನ್ನು ಪರೀಕ್ಷಿಸಿ ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾದೀತು. ಅಂಥ ವಸ್ತುವೇ ಅರಿವೆಯ ಚೂರು.

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಾಚಕರಿಗೆ ಕೌದಿಯನ್ನು ಪರಿಚಯ ಮಾಡಿಕೊಡಬೇಕಾದುದಿಲ್ಲ. ಉಟ್ಟು ಮೆತ್ತಗಾದ ಸೀರೆ, ಅಂಚು ಹರಿದ ಧೋತರ ಇವನ್ನು ಪದರಪದರವಾಗಿ ಹಾಸಿ, ಮೇಲೆ ಕುಪ್ಪಸದ ಖಣ, ಅಂಗಿ, ಲಂಗಗಳ ಚೂರುಗಳನ್ನು ಹೊಂದಿಸಿ, ಒತ್ತೊತ್ತಾಗಿ ಕೈಹೊಲಿಗೆಯ ಸಾಲುಗಳನ್ನು ಹಾಕಿದರೆ ಕೌದಿಯಾಗುವುದು. ಒಳಗೆ ಅರಳೆ ತುಂಬುವ ಅಗತ್ಯವಿಲ್ಲ. ಹಳೆಯ ಬಟ್ಟೆಯ ಪದರಗಳೇ ಮೈಯನ್ನು ಬೆಚ್ಚಗಿಡುತ್ತವೆ. ಸಂಸ್ಕೃತದಲ್ಲಿ ಇಂಥ ಹೊದಿಕೆಗೆ ಕಂಥಾ ಎಂದು ಹೆಸರು. ವಂಗದೇಶದ ಕಾಂಥಾ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಹಳೆಯ ಕನ್ನಡದಲ್ಲಿ ಇದನ್ನು ಬೊಂತೆಯೆಂದೂ ಕರೆದರು. ಎಲ್ಲವನ್ನೂ ಬಿಟ್ಟ ವಿರಕ್ತನ ಹೆಗಲಿನ ಮೇಲೆ ಇರುವುದೂ ಅದೇ; ಆಗತಾನೆ ಮನೆ ತುಂಬಿಸಿದ ಬಾಣಂತಿಯ ಮಂಚದ ಮೇಲೆ ಹಾಸುವುದೂ ಅದೇ. ತ್ಯಾಗಕ್ಕೂ ಸಂಸಾರಕ್ಕೂ ಸಮನಾಗಿ ಸಲ್ಲುವ ವಸ್ತುಗಳು ಲೋಕದಲ್ಲಿ ಬಹಳವಿಲ್ಲ.

ಹಾಗಿದ್ದರೆ ಚೂರುಗಳನ್ನು ಉಳಿಸುವುದೇ ಧರ್ಮವೆಂದು ಮಾತು ಮುಗಿಸಬಹುದಲ್ಲವೇ ಎಂದು ಕೆಲವರು ಕೇಳಬಹುದು. ಮಾತು ಅಷ್ಟಕ್ಕೆ ಮುಗಿಯದು. ಒಂದು ಕೌದಿಯಲ್ಲಿ ಮೂವರ ಸಂಬಂಧವಿದೆ: ಬಟ್ಟೆ ಯಾರದಾಗಿತ್ತೋ ಅವರು, ಅದನ್ನು ಹೊಲಿದವರು, ಅದನ್ನು ಹೊದೆಯುವವರು. ಈ ಮೂವರಲ್ಲಿ ಒಬ್ಬರಿಗೆ ಅನ್ಯಾಯವಾದರೂ ಉಳಿತಾಯವೆಂಬ ಹೆಸರು ಅದಕ್ಕೆ ಸಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ಮೊದಲು ಒಡೆತನದ ಮಾತು. ಗಿರಾಕಿಯು ಸಿಂಪಿಗನಿಗೆ ಅಂಗಿಗೆಂದು ಬಟ್ಟೆ ಕೊಡುತ್ತಾನೆ. ಅಂಗಿಯಾದ ಮೇಲೆ ಗೇಣುದ್ದದ ತುಂಡು ಉಳಿಯುತ್ತದೆ. ಅದು ಯಾರದು? ಕೊಟ್ಟವನು ಕೇಳುವುದಿಲ್ಲ, ಪಡೆದವನು ಹೇಳುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಇಂಥ ತುಂಡುಗಳು ಗಂಟಾಗುತ್ತವೆ. ಕತ್ತರಿಯ ಬಾಯಿಂದ ಉದುರಿದ ಬೆರಳಗಲದ ಚೂರನ್ನು ಯಾರೂ ಕೇಳಲಾರರು. ಅದನ್ನು ಕಸಕ್ಕೆ ಹಾಕದೆ ಕೌದಿಗೆ ಇಟ್ಟುಕೊಂಡ ಸಿಂಪಿಗನು ಲೋಕಕ್ಕೆ ಉಪಕಾರಿಯೇ ಸರಿ. ಆದರೆ ಚೂರು ಉಳಿಯಲೆಂದೇ ಕತ್ತರಿಯನ್ನು ಓರೆಯಾಗಿ ಹಿಡಿದವನ ಮಾತು ಬೇರೆ. ಎರಡೂ ಕಡೆ ಉಳಿದ ಬಟ್ಟೆ ಒಂದೇ. ಸಂಕಲ್ಪ ಮಾತ್ರ ಬೇರೆ. ಧರ್ಮಶಾಸ್ತ್ರವು ಇಂಥ ಸಣ್ಣ ಲೆಕ್ಕವನ್ನು ಉಪೇಕ್ಷಿಸಲಿಲ್ಲ. ಹತ್ತು ಪಲ ನೂಲನ್ನು ಪಡೆದ ನೇಕಾರನು ಬಟ್ಟೆಯನ್ನು ಹನ್ನೊಂದು ಪಲ ತೂಕಕ್ಕೆ ಒಪ್ಪಿಸತಕ್ಕದ್ದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಿಧಿಯುಂಟು. ತಪ್ಪಿದವನಿಗೆ ದಂಡವೂ ಉಂಟು. ಗಂಜಿ ಹಾಕುವುದರಿಂದ ತೂಕವೇರುವುದಾದ ಕಾರಣ ಈ ಲೆಕ್ಕವೆಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದರು. ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ಸೂಕ್ಷ್ಮವಾಗಿ, ದಪ್ಪ ನೂಲಿಗೆ ನೂರಕ್ಕೆ ೧೦ ಪಲ, ಮಧ್ಯಮಕ್ಕೆ ೫, ನವುರಾದುದಕ್ಕೆ ೩ ಎಂದು ವೃದ್ಧಿಯನ್ನು ಬೇರೆಬೇರೆಯಾಗಿ ಗೊತ್ತುಮಾಡಿತು. ಒಂದು ಪಲದ ಗಂಜಿಯನ್ನು ಲೆಕ್ಕಕ್ಕೆ ತಂದ ಈ ಋಷಿಗಳು ಜಿಪುಣರಾಗಿರಲಿಲ್ಲ. ನಂಬಿಕೆಯು ದೊಡ್ಡ ವಸ್ತುವಿನಲ್ಲಿ ಮುರಿಯುವುದಕ್ಕೆ ಮೊದಲು ಸಣ್ಣ ವಸ್ತುವಿನಲ್ಲಿ ಮುರಿಯುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು.

ಎರಡನೆಯದು ಇಟ್ಟುಕೊಳ್ಳುವ ಮಾತು. ಒಂದೊಂದು ಮನೆಯ ಅಟ್ಟದ ಮೇಲೆ ಚೂರುಗಳ ಗಂಟು ವರ್ಷಾನುವರ್ಷ ಕುಳಿತಿರುತ್ತದೆ. ಎಂದಾದರೂ ಬೇಕಾದೀತೆಂಬ ಮಾತೇ ಅದಕ್ಕೆ ಕಾವಲು. ಕೊನೆಗೆ ನುಸಿ ಹೊಕ್ಕು, ಇಲಿ ಮರಿಹಾಕಿ, ಗಂಟು ಬಿಚ್ಚಿದ ದಿನ ಹುಡಿ ಉದುರುತ್ತದೆ. ಬಿಸಾಡಲಿಲ್ಲವೆಂಬ ಸಮಾಧಾನ ಮನೆಯವರಿಗೆ ಉಳಿಯಿತು. ಹೊದಿಕೆ ಯಾರಿಗೂ ದೊರೆಯಲಿಲ್ಲ. ಇದು ಉಳಿತಾಯದ ವೇಷ ತೊಟ್ಟ ಪರಿಗ್ರಹ.

ಇದಕ್ಕೆ ಪ್ರತಿಯಾಗಿ ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಬರುವ ಒಂದು ಪ್ರಸಂಗವು ಮನನಯೋಗ್ಯವಾಗಿದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದ ಸ್ತ್ರೀಯರು ಆನಂದನಿಗೆ ಐನೂರು ಉತ್ತರೀಯಗಳನ್ನು ದಾನ ಮಾಡಿದರು. ರಾಜನಿಗೆ ಅಸಮಾಧಾನವಾಯಿತು, ಭಿಕ್ಷುವಿಗೆ ಇಷ್ಟು ಬಟ್ಟೆಯೇಕೆ, ಈತನೇನು ಅಂಗಡಿ ತೆರೆಯುವನೇ ಎಂದುಕೊಂಡು ಅವನಲ್ಲಿಗೆ ಬಂದು ಪ್ರಶ್ನಿಸಿದನು. ಚೀವರ ಹರಿದ ಭಿಕ್ಷುಗಳಿಗೆ ಹಂಚುವೆನೆಂದು ಆನಂದನು ತಿಳಿಸಿದನು. ಅವರ ಹಳೆಯ ಚೀವರಗಳ ಗತಿಯೇನೆಂದು ರಾಜನು ಕೇಳಲು, ಅವು ಹಾಸಿಗೆಯ ಮೇಲುಹೊದಿಕೆಯಾಗುವುವೆಂದೂ, ಅವೂ ಸವೆದರೆ ಮೆತ್ತೆಯ ಕವಚವೆಂದೂ, ಮುಂದೆ ನೆಲಹಾಸು, ಕಾಲೊರಸು, ಧೂಳೊರಸುವ ಅರಿವೆ ಎಂದೂ ಕ್ರಮವಾಗಿ ವಿವರಿಸಿ, ಕಟ್ಟಕಡೆಗೆ ಅದನ್ನು ಚೂರುಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುವೆವೆಂದು ಹೇಳಿದನು. ರಾಜನು ಸಂತುಷ್ಟನಾಗಿ ಇನ್ನೂ ಐನೂರು ವಸ್ತ್ರಗಳನ್ನು ಕೊಟ್ಟನು. ಈ ಉತ್ತರದಲ್ಲಿ ಗಮನಿಸಬೇಕಾದುದೇನೆಂದರೆ, ಬಟ್ಟೆಯು ಎಲ್ಲಿಯೂ ನಿಂತಿಲ್ಲ. ಪ್ರತಿಯೊಂದು ಅವಸ್ಥೆಯಲ್ಲಿಯೂ ಅದು ಯಾರದೋ ಮೈಗೆ, ಯಾರದೋ ಕಾಲಿಗೆ ಉಪಯೋಗಕ್ಕೆ ಬರುತ್ತ ಮಣ್ಣಿನವರೆಗೆ ನಡೆದುಹೋಗಿದೆ. ಚಲಿಸುವ ಬಟ್ಟೆ ಉಳಿತಾಯ, ನಿಂತ ಬಟ್ಟೆ ಲೋಭ ಎಂದು ಇದರಿಂದ ತಿಳಿಯಬಹುದು.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. ಈಚಿನ ದಿನಗಳಲ್ಲಿ ಕೌದಿಯು ಪಟ್ಟಣದ ಅಂಗಡಿಗಳನ್ನೂ ಹೊಕ್ಕಿದೆ. ಹಳೆಯ ಬಟ್ಟೆಯೇ ಇಲ್ಲದೆ, ಹೊಸ ಥಾನನ್ನು ತಂದು ಚೂರುಚೂರಾಗಿ ಕತ್ತರಿಸಿ, ಮತ್ತೆ ಹೊಲಿದು ಮಾರುವವರುಂಟು. ಇಡಿಯಾದುದನ್ನು ಒಡೆದು ಕೂಡಿಸುವುದು ಉಳಿತಾಯದ ಅಣಕವಲ್ಲವೇ ಎಂದು ಕೇಳಬಹುದು. ಅವಸರದಿಂದ ಹೌದೆನ್ನುವಂತಿಲ್ಲ. ಬೌದ್ಧ ಭಿಕ್ಷುವಿನ ಚೀವರವೂ ಕತ್ತರಿಸಿ ಕೂಡಿಸಿದುದೇ. ಮಗಧದ ಗದ್ದೆಗಳ ಬದುಗಳನ್ನು ಮಾದರಿಯಾಗಿಟ್ಟುಕೊಂಡು ಆನಂದನು ಅದರ ವಿನ್ಯಾಸವನ್ನು ರಚಿಸಿದನೆಂದು ವಿನಯಪಿಟಕವೇ ಹೇಳುತ್ತದೆ. ಕತ್ತರಿಸಿದ ಬಟ್ಟೆಯನ್ನು ಬೇರೆಯವರು ಆಶಿಸುವುದಿಲ್ಲವೆಂಬುದು ಅಲ್ಲಿ ಹೇಳಿದ ಪ್ರಯೋಜನಗಳಲ್ಲೊಂದು. ಹಾಗಾದಮೇಲೆ ಕತ್ತರಿಯಲ್ಲಿ ದೋಷವಿಲ್ಲವೆಂದಾಯಿತು. ಬಟ್ಟೆಯ ಮೇಲಣ ಆಶೆ ಕಡಮೆಯಾಗಲೆಂದು ಕತ್ತರಿಸುವುದು ಒಂದು. ಬಡವರ ಹೊದಿಕೆಯ ರೂಪವನ್ನು ತೋರಿಸಿ ಬೆಲೆಯನ್ನೇರಿಸಲು ಕತ್ತರಿಸುವುದು ಮತ್ತೊಂದು. ಅಂದದ ಸಲುವಾಗಿಯೇ ಹೊಸ ಬಟ್ಟೆಯನ್ನು ಕತ್ತರಿಸಿ ಹೊಲಿಯುವುದು ಒಂದು ಕಲೆ. ಕಲೆಯೆಂದೇ ಅದನ್ನು ಗೌರವಿಸಬೇಕು. ಉಳಿತಾಯವೆಂಬ ಪುಣ್ಯದ ಹೆಸರನ್ನು ಮಾತ್ರ ಅದಕ್ಕೆ ಕಟ್ಟಬಾರದು.

ಮೂರನೆಯದು ಹೊಲಿದ ಕೈಯ ಮಾತು. ಧರ್ಮಸೂಕ್ಷ್ಮವು ಅಡಗಿರುವುದು ಇಲ್ಲಿಯೇ. ಎಲ್ಲ ಮನೆಗಳಲ್ಲಿಯೂ ಕೌದಿಯನ್ನು ಮನೆಯವರೇ ಹೊಲಿಯುವುದಿಲ್ಲ. ಊರೂರು ತಿರುಗಿ, ಕಟ್ಟೆಯ ಮೇಲೆಯೋ ಪಡಸಾಲೆಯಲ್ಲಿಯೋ ಕುಳಿತು, ಹಣಕ್ಕೋ ಕಾಳಿಗೋ ಕೌದಿ ಹೊಲಿದುಕೊಡುವ ಹೆಂಗಸರುಂಟು. ದಿನಗಟ್ಟಲೆ ಬೆನ್ನು ಬಾಗಿಸಿ ಮಾಡುವ ಕೆಲಸವದು. ಕೂಲಿಯ ಹೊತ್ತಿಗೆ ಮನೆಯೊಡತಿಯು, ಅರಿವೆಯೆಲ್ಲ ಹಳೆಯದು, ದಾರವೊಂದೇ ಹೊಸದು, ಇದಕ್ಕೆ ಇಷ್ಟೇಕೆ ಎನ್ನುವುದು ಅಪರೂಪವಲ್ಲ. ಈ ಮಾತು ಮೇಲುನೋಟಕ್ಕೆ ನ್ಯಾಯವಾಗಿ ಕಂಡರೂ ತರ್ಕವು ತಲೆಕೆಳಗಾಗಿದೆ. ರೇಶಿಮೆಯ ಕುಪ್ಪಸದ ಬೆಲೆಯಲ್ಲಿ ರೇಶಿಮೆಯ ಪಾಲು ಬಹಳ, ಹೊಲಿಗೆಯ ಪಾಲು ಸ್ವಲ್ಪ. ಕೌದಿಯಲ್ಲಾದರೋ ಬಟ್ಟೆಗೆ ಬೆಲೆಯೇ ಇಲ್ಲ. ಆದಕಾರಣ ಅದರ ಬೆಲೆಯೆಲ್ಲವೂ ಹೊಲಿದವಳ ಕೈಯದೇ. ಬಟ್ಟೆ ಅಗ್ಗವಾದಷ್ಟೂ ಕೂಲಿಯ ಪಾಲು ಹೆಚ್ಚಬೇಕಲ್ಲದೆ ತಗ್ಗುವ ಕಾರಣವಿಲ್ಲ. ಚೂರನ್ನು ವ್ಯರ್ಥ ಮಾಡಲಾರೆನೆಂದು ಜೋಪಾನ ಮಾಡಿದ ಮನಸ್ಸು, ಒಬ್ಬ ಹೆಂಗಸಿನ ಹತ್ತು ದಿನಗಳನ್ನು ಅಗ್ಗಕ್ಕೆ ಸವೆಸಿದರೆ, ಉಳಿಸಿದುದು ಅರಿವೆಯನ್ನು, ಕಳೆದುದು ಮನುಷ್ಯರನ್ನು.

ಇನ್ನೊಂದು ಪ್ರಶ್ನೆ ಇದಕ್ಕೆ ಹತ್ತಿಕೊಂಡೇ ಇದೆ. ಬೇರೆ ಗತಿಯಿಲ್ಲದೆ ಚೂರು ಕೂಡಿಸಿದವರಿಗೆ ಅದರಿಂದ ಪುಣ್ಯವೇನು? ಅನಿವಾರ್ಯವಾದುದು ಗುಣವಾಗಲಾರದೆಂದು ತಾರ್ಕಿಕರು ಹೇಳಬಹುದು. ಬಡವರ ಮಿತವ್ಯಯವನ್ನು ಉಂಡು ಕುಳಿತವರು ಹೊಗಳುವುದರಲ್ಲಿ ಒಂದು ಬಗೆಯ ಕ್ರೌರ್ಯವಿದೆಯೆಂಬುದೂ ನಿಜ. ಆದರೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಸ್ತ್ರೀಯರ ಕವಂದಿಗಳನ್ನು ನೋಡಿದರೆ ಈ ತರ್ಕ ಪೂರ್ಣವಲ್ಲವೆಂದು ತಿಳಿಯುವುದು. ಪೂರ್ವ ಆಫ್ರಿಕದಿಂದ ದಾಸರಾಗಿ ತರಲ್ಪಟ್ಟವರ ಸಂತತಿ ಅವರು; ೨೦೦೩ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರು ಕವಂದಿಯನ್ನು ಅಂಚಿನಿಂದ ಮೊದಲುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯುತ್ತಾರೆ. ಎಲ್ಲ ಮುಗಿದ ಮೇಲೆ ಮೂಲೆಗಳಿಗೆ ಮಡಿಸಿದ ಮುಕ್ಕೋಣದ ಚೂರುಗಳನ್ನು ಹೊಲಿದು ಫೂಲವೆಂದು ಕರೆಯುತ್ತಾರೆ. ಫೂಲವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಫೂಲದಿಂದ ಹೊದಿಕೆ ಹೆಚ್ಚು ಬೆಚ್ಚಗಾಗುವುದಿಲ್ಲ. ಚಳಿಯು ಅದನ್ನು ಕೇಳಲಿಲ್ಲ, ಬಡತನವೂ ಕೇಳಲಿಲ್ಲ. ಗತಿಯಿಲ್ಲದೆ ಮಾಡಿದ ಕೆಲಸದಲ್ಲಿ ಇಷ್ಟು ಮಾತ್ರ ತಾವಾಗಿ ಆರಿಸಿಕೊಂಡುದು. ಗುಣವು ಎಲ್ಲಿದೆಯೆಂದು ಕೇಳಿದವರಿಗೆ ಅದನ್ನು ತೋರಿಸಬಹುದು.

ಇದೇ ಆಫ್ರಿಕದಿಂದ ದಾಸ್ಯಕ್ಕೆ ಒಯ್ಯಲ್ಪಟ್ಟ ಮತ್ತೊಂದು ಜನದ ಸಂತತಿಯವರು ಅಮೆರಿಕೆಯ ಅಲಬಾಮ ಪ್ರಾಂತದ ಜೀಸ್ ಬೆಂಡ್ ಎಂಬಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಇದ್ದಾರೆ. ಹರಿದ ಕೆಲಸದುಡುಪುಗಳನ್ನು ಕೂಡಿಸಿ ಹೊದಿಕೆ ಹೊಲಿಯುವುದು ಅಲ್ಲಿಯ ಸ್ತ್ರೀಯರ ಪೂರ್ವಪದ್ಧತಿ. ಮತದಾನದ ಹಕ್ಕಿಗಾಗಿ ಹೋರಾಡಿದ ಕಾರಣ ಆ ಸೀಮೆಯ ಹಲವರು ಮನೆಯನ್ನೂ ಕೆಲಸವನ್ನೂ ಕಳೆದುಕೊಂಡ ಕಾಲದಲ್ಲಿ, ೧೯೬೬ರಲ್ಲಿ, ಅವರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘವನ್ನು ಕಟ್ಟಿದರು. ೧೯೭೨ರಲ್ಲಿ ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಮುಸುಕುಗಳನ್ನು ಹೊಲಿದುಕೊಡುವ ಕೆಲಸ ಸಂಘಕ್ಕೆ ದೊರೆಯಿತು. ಆ ಕೆಲಸದಲ್ಲಿ ಉಳಿದ ಚೂರುಗಳು ಅವರವರ ಮನೆಯ ಹೊದಿಕೆಗಳಾದವು. ೨೦೦೨ರಲ್ಲಿ ಈ ಊರಿನ ಹೊದಿಕೆಗಳು ಹೂಸ್ಟನ್ನಿನ ಕಲಾಸಂಗ್ರಹಾಲಯದ ಗೋಡೆಗಳನ್ನೇರಿದವು. ಆದರೆ ಗೋಡೆಗಿಂತ ಸಂಘದ ಮಾತೇ ಇಲ್ಲಿ ಮುಖ್ಯ. ಒಂಟಿಯಾಗಿ ಹೊಲಿಯುವವಳು ಕೊಟ್ಟಷ್ಟನ್ನು ಪಡೆಯಬೇಕು. ಕೂಡಿ ಹೊಲಿಯುವವರು ತಮ್ಮ ಕೈಗೆ ತಾವೇ ಬೆಲೆ ಹೇಳಬಲ್ಲರು. ಉತ್ತರ ಕನ್ನಡದ ಸಿದ್ದಿ ಸ್ತ್ರೀಯರೂ ಕವಂದಿಗಾಗಿ ಸಂಘವನ್ನು ಕಟ್ಟಿಕೊಂಡುದರ ಅರ್ಥವೂ ಇದೇ. ಸಂಘದಲ್ಲಿ ಇನ್ನೊಂದು ಲಾಭವೂ ಉಂಟು. ಒಂದು ಮನೆಯಲ್ಲಿ ಬೇಡವಾದ ಕೆಂಪು ಚೂರು ಮತ್ತೊಂದು ಮನೆಯ ಹಸುರಿನ ಪಕ್ಕಕ್ಕೆ ಬೇಕಾಗುವುದು. ನಡುವೆ ಹರವಿದ ರಾಶಿಯಲ್ಲಿ ಇದು ಯಾರದೆಂಬ ಪ್ರಶ್ನೆಯೇ ಅಡಗಿಹೋಗುವುದು. ಗಂಟು ಅಟ್ಟವನ್ನೇರುವುದೂ ತಪ್ಪುವುದು.

ಪರರು ಉಟ್ಟ ಬಟ್ಟೆ ಮೈಲಿಗೆಯೆಂದು ಅಳುಕುವವರು ಇಂದಿಗೂ ಇದ್ದಾರೆ. ಆದರೆ ಹುಟ್ಟಿದ ಕೂಸಿಗೆ ಮೊದಲು ತೊಡಿಸುವುದು ಹಳೆಯ ಬಟ್ಟೆಯನ್ನೇ ಎಂಬುದು ನಮ್ಮ ನಾಡಿನ ಅನೇಕ ಮನೆಗಳ ಸಂಪ್ರದಾಯ. ಹಲವರ ಮೈ ಸೋಕಿ ಮೆತ್ತಗಾದ ಅರಿವೆ ಎಳೆಯ ಮೈಗೆ ಹಿತವೆಂದು ಹಿರಿಯರು ಕಂಡುಕೊಂಡರು. ಕೂಸಿಗೆ ಸಲ್ಲುವ ಶುದ್ಧಿಯು ದೊಡ್ಡವರಿಗೆ ಸಲ್ಲದಿರಲು ಕಾರಣವಿಲ್ಲ.

ಇಷ್ಟು ವಿಚಾರದಿಂದ ಒಂದು ಸಿದ್ಧಾಂತಕ್ಕೆ ಬರಬಹುದು. ಚೂರಿನಲ್ಲಿ ತಾನಾಗಿ ಪುಣ್ಯವಿಲ್ಲ. ಉಳಿಸಿದೆನೆಂಬ ಹೆಮ್ಮೆಯಲ್ಲಂತೂ ಇಲ್ಲವೇ ಇಲ್ಲ. ನ್ಯಾಯವಾಗಿ ಬಂದು, ಕಾಲದಲ್ಲಿ ಕೈಬಿಟ್ಟು, ಹೊಲಿದವರಿಗೆ ತಕ್ಕ ಕೂಲಿ ಸಂದ ಚೂರು ಮಾತ್ರ ಧರ್ಮದ ಲೆಕ್ಕಕ್ಕೆ ಸೇರುವುದು. ಸುಶಿಕ್ಷಿತ ಕುಟುಂಬಗಳು ಆಚರಣೆಗೆ ತರಬಹುದಾದುದೂ ಕಠಿಣವಾದುದಲ್ಲ. ಸಿಂಪಿಗನ ಕತ್ತರಿಯ ಮೇಲೆ ಕಣ್ಣಿಡುವಷ್ಟೇ ಜಾಗರೂಕತೆಯಿಂದ ತಮ್ಮ ಅಟ್ಟದ ಮೇಲೂ ಕಣ್ಣಿಡಬೇಕು. ಒಂದು ಚಳಿಗಾಲ ಕಳೆದರೂ ಬಿಚ್ಚದ ಗಂಟು ಆ ಮನೆಗೆ ಬೇಕಾದುದಲ್ಲವೆಂದು ತಿಳಿದು, ಬೇಕಾದವರಿಗೆ ಕೊಟ್ಟುಬಿಡಬೇಕು. ಹೊಲಿಯುವವಳು ಬಾಗಿಲಿಗೆ ಬಂದಾಗ ಬಟ್ಟೆಯ ಹಳೆತನವನ್ನು ಎತ್ತಿ ಆಡದೆ ಅವಳ ದಿನಗಳನ್ನು ಎಣಿಸಿ ಕೂಲಿ ಕೊಡಬೇಕು. ಹಾಗೆ ಮಾಡಿದ ಮನೆಯವರು ಕೌದಿಯನ್ನು ಹೊದ್ದು ಮಲಗಿದಾಗ ಅದರೊಳಗೆ ಯಾರ ಋಣವೂ ಉಳಿದಿರುವುದಿಲ್ಲ.