ಎಳೆಯ ಕೈ, ಹಿರಿಯ ಹೊಣೆ

ಭಾನುವಾರದ ಬೆಳಗ್ಗೆ ನನ್ನ ಅಕ್ಕನ ಫೋನು ಬರುವುದು ವಾಡಿಕೆ. ಅಮೆರಿಕದ ಪೂರ್ವ ಕರಾವಳಿಯ ಸಣ್ಣ ಊರೊಂದರಲ್ಲಿ ಅವಳು ಸಂಸಾರ ಹೂಡಿ ಇಪ್ಪತ್ತು ವರ್ಷವಾಯಿತು. ಅಲ್ಲಿಯ ಚಳಿ, ಇಲ್ಲಿಯ ತೊಗರಿಬೇಳೆಯ ಬೆಲೆ, ಬಂಧುಗಳ ಮನೆಯ ಮದುವೆ ಮುಂಜಿ, ಇಷ್ಟು ಮಾತಾದರೆ ನಮ್ಮ ಭಾನುವಾರ ಸಂದಿತು. ಕಳೆದ ತಿಂಗಳ ಒಂದು ಭಾನುವಾರ ಮಾತ್ರ ಹಾಗಾಗಲಿಲ್ಲ.

“ಇವನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣೋ. ಯಾರೋ ಇವನ ಕೈಯಲ್ಲೇ ಹೋಗಿಬಿಟ್ಟರಂತೆ. ಯಾರು ಅಂತ ಕೇಳಿದರೆ ಹೇಳಬಾರದು ಅನ್ನುತ್ತಾನೆ. ಹೆತ್ತ ತಾಯಿಗೆ ಹೇಳಬಾರದಂತೆ! ಇದನ್ನೆಲ್ಲ ಬಿಡಿಸಿಬಿಡಲಾ? ನೀನು ಮೇಷ್ಟ್ರು, ನೀನೇ ಹೇಳು.”

‘ಇವನು’ ಎಂದರೆ ಅವಳ ಮಗ. ವಯಸ್ಸು ಹದಿನಾರು. ಓದುವುದು ಹೈಸ್ಕೂಲಿನಲ್ಲಿ, ಬಿಡುವಿನ ವೇಳೆಯಲ್ಲಿ ಊರಿನ ಆಂಬುಲೆನ್ಸಿನ ಸ್ವಯಂಸೇವಕ. ಪರೀಕ್ಷೆಗೆ ಕುಳಿತು ತೇರ್ಗಡೆಯಾಗಿ, ತುರ್ತು ಚಿಕಿತ್ಸೆಯ ಅಧಿಕೃತ ಪ್ರಮಾಣಪತ್ರ ಪಡೆದಿದ್ದಾನೆ.

ಇದು ಅಲ್ಲಿ ಎಲ್ಲೆಡೆಯೂ ಕಾಣುವ ಏರ್ಪಾಡಲ್ಲವಾದರೂ ಹೊಸದೇನೂ ಅಲ್ಲ. ಕನೆಟಿಕಟ್ ರಾಜ್ಯದಲ್ಲಿ ಡೇರಿಯನ್ ಎಂಬ ಊರಿದೆ. ಅಲ್ಲಿ ೧೯೭೦ರಲ್ಲಿ ಬಾಲಚಮೂ ಸಂಸ್ಥೆಯ ಅಂಗವಾಗಿ ‘ಪೋಸ್ಟ್ ೫೩’ ಎಂಬ ದಳವೊಂದು ಹುಟ್ಟಿತು. ಅಂದಿನಿಂದ ಆ ಊರಿನಲ್ಲಿ ಯಾರಿಗೆ ಎದೆನೋವು ಬರಲಿ, ಯಾರ ಕಾರು ಮರಕ್ಕೆ ಬಡಿಯಲಿ, ಹಗಲಿರುಳೆನ್ನದೆ ಬರುವ ಆಂಬುಲೆನ್ಸಿನಲ್ಲಿ ಹೈಸ್ಕೂಲಿನ ಮಕ್ಕಳಿರುತ್ತಾರೆ. ಜೊತೆಗೆ ತರಬೇತಾದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಆದರೆ ಕೆಲಸದ ಬಹುಪಾಲು ಮಕ್ಕಳದೇ. ಪಾಠದ ನಡುವೆ ಕರೆ ಬಂದರೆ ತರಗತಿ ಬಿಟ್ಟು ಓಡುತ್ತಾರೆ. ಆ ರಾಜ್ಯದಲ್ಲಿ ಹದಿನಾರು ತುಂಬಿದವರು ಈ ಪ್ರಮಾಣಪತ್ರಕ್ಕೆ ಅರ್ಹರು. ಇಸ್ರೇಲಿನ ಮಗೆನ್ ಡೇವಿಡ್ ಅಡೋಮ್ ಸಂಸ್ಥೆ ಹದಿನೈದರವರನ್ನೂ ಆಂಬುಲೆನ್ಸ್ ಹತ್ತಿಸುತ್ತದೆ. ಇದಕ್ಕೆ ಮೊದಲು ಅಮೆರಿಕದ ಎಷ್ಟೋ ಊರುಗಳಲ್ಲಿ ಗಾಯಾಳುವನ್ನು ಸಾಗಿಸುತ್ತಿದ್ದುದು ಹೆಣ ಒಯ್ಯುವವರ ಬಂಡಿ! ಅಪಘಾತದ ಸಾವು ಸಮಾಜವು ಅಲಕ್ಷಿಸಿದ ರೋಗವೆಂದು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ೧೯೬೬ರಲ್ಲಿ ವರದಿ ಕೊಟ್ಟ ಮೇಲೆಯೇ ಈ ವೃತ್ತಿಗೊಂದು ರೂಪ ಬಂದದ್ದು.

ಆದರೆ ಅಕ್ಕ ಕೇಳಿದ್ದು ಚರಿತ್ರೆಯನ್ನಲ್ಲ. ಹದಿನಾರರ ಹುಡುಗನ ಕೈಗೆ ಇನ್ನೊಬ್ಬರ ಪ್ರಾಣವನ್ನು ಕೊಡಬಹುದೆ? ಕೊಟ್ಟು, ಅದು ಕೈಜಾರಿ ಹೋಗುವುದನ್ನು ಅವನು ನೋಡುವಂತೆ ಮಾಡಬಹುದೆ?

ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗೆಷ್ಟಿದೆ ಎಂಬುದನ್ನು ಮೊದಲು ಓದುಗರಲ್ಲಿ ಒಪ್ಪಿಕೊಳ್ಳುವುದು ಮೇಲು. ನಾಲ್ಕು ವರ್ಷದ ಹಿಂದೆ, ಕಾಲೇಜಿಗೆ ಹೋಗುವ ದಾರಿಯಲ್ಲಿ, ಬಸ್ಸಿಗಾಗಿ ನಿಂತಿದ್ದ ನನ್ನಿಂದ ಹತ್ತು ಮಾರು ದೂರದಲ್ಲಿ ಒಬ್ಬರು ಕುಸಿದು ಬಿದ್ದರು. ಐವತ್ತು ದಾಟಿರಬಹುದು, ಕೈಯಲ್ಲಿ ತರಕಾರಿಯ ಚೀಲ. ಗುಂಪು ಕೂಡಿತು, ನಾನೂ ಕೂಡಿದೆ. ಯಾರೋ ನೀರು ಚಿಮುಕಿಸಿದರು. ಯಾರೋ ಕೈಗೆ ಕಬ್ಬಿಣ ಕೊಡಿ ಎಂದರು. ನಾನು ೧೦೮ಕ್ಕೆ ಫೋನು ಮಾಡಿದೆ. ಅಷ್ಟೇ ನನ್ನ ಪೌರುಷ. ಗಾಡಿ ಬರುವವರೆಗೆ ಆ ಬಿಡಿಸಿಕೊಂಡ ಬೆರಳುಗಳನ್ನೂ ಉರುಳಿದ ಬದನೆಕಾಯಿಗಳನ್ನೂ ನೋಡುತ್ತ ನಿಂತಿದ್ದೆ. ಅಂದು ಎರಡನೆಯ ಪೀರಿಯಡ್ಡಿನಲ್ಲಿ ನಾನು ಮಾಡಬೇಕಿದ್ದ ಪಾಠ ಕರುಣರಸ. ಶೋಕ ಸ್ಥಾಯಿಭಾವ, ಅದರ ವಿಭಾವ, ಅನುಭಾವ, ಎಲ್ಲವೂ ನನಗೆ ಕಂಠಪಾಠ. ಬಿದ್ದವನ ಎದೆಯ ಮೇಲೆ ಕೈಯನ್ನು ಎಲ್ಲಿಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಅದು ಗೊತ್ತಿದ್ದರೆ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಮೂವರು ೧೯೬೦ರಲ್ಲಿ ಜಗತ್ತಿಗೆ ತಿಳಿಸಿದ ವಿದ್ಯೆ ಅದು. ಎದೆಯ ನಡುಮಧ್ಯೆ ಅಂಗೈಯೂರಿ, ನಿಮಿಷಕ್ಕೆ ೧೦೦ರಿಂದ ೧೨೦ ಸಲ, ಎರಡಂಗುಲ ತಗ್ಗುವಷ್ಟು ಬಲವಾಗಿ ಒತ್ತಬೇಕು. ಹೃದಯ ನಿಂತ ನಾಲ್ಕಾರು ನಿಮಿಷಗಳಲ್ಲೇ ಮಿದುಳು ಕೆಡತೊಡಗುತ್ತದೆ. ಆ ಅವಧಿಯನ್ನು ಈ ಕೈಗಳು ಹಿಗ್ಗಿಸಬಲ್ಲವು. ಇದಕ್ಕೆ ಎಂ.ಎ. ಬೇಡ. ಹದಿನಾರರ ತೋಳಿಗೆ ಸಾಕಷ್ಟು ಬಲವಿದೆ, ನನ್ನ ತೋಳಿಗಿಂತ ಹೆಚ್ಚೇ ಇದ್ದೀತು.

ಆಗಬಲ್ಲದೆ ಎಂಬ ಪ್ರಶ್ನೆಗೆ ಇದು ಉತ್ತರ. ತಕ್ಕದ್ದೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಕುಮಾರವ್ಯಾಸನ ದ್ರೋಣಪರ್ವವನ್ನು ಪಾಠ ಮಾಡುವಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: “ಸಾರ್, ಅಭಿಮನ್ಯುವನ್ನು ಕಳಿಸಿದ್ದು ತಪ್ಪಲ್ಲವೆ?” ಅವನಿಗೂ ಹದಿನಾರೇ ಎಂದು ಪರಂಪರೆ ಹೇಳುತ್ತದೆ. ಮೊದಮೊದಲು ನಾನು ಯುದ್ಧಧರ್ಮ, ಕ್ಷತ್ರಿಯಧರ್ಮ ಎಂದು ಏನೋ ಹೇಳಿ ಮುಗಿಸುತ್ತಿದ್ದೆ. ಈಚೆಗೆ ಬೇರೆ ತೋರುತ್ತದೆ. ಅವನು ತಿಳಿಯದೆ ಹೋದವನಲ್ಲ. ಒಳಹೋಗುವ ವಿದ್ಯೆ ಬಲ್ಲೆ, ಹೊರಬರುವ ದಾರಿ ಅರಿಯೆ ಎಂದು ತಾನೇ ಹೇಳಿಕೊಂಡವನು. ಹಿಂದೆ ನಾವಿದ್ದೇವೆಂದು ಹೊರಟ ಹಿರಿಯರನ್ನು ಜಯದ್ರಥ ಬಾಗಿಲಲ್ಲೇ ತಡೆದ. ಧರ್ಮರಾಯನ ತಪ್ಪು ಎಳೆಯನಿಗೆ ಹೊಣೆ ಕೊಟ್ಟದ್ದರಲ್ಲಿದೆಯೊ, ಅವನ ಬೆನ್ನಿಗೆ ಇರುತ್ತೇವೆಂಬ ಮಾತು ನಡೆಸಲಾಗದೆ ಹೋದದ್ದರಲ್ಲಿದೆಯೊ? ಎರಡನೆಯದೇ ಎಂದು ನನ್ನ ಮನಸ್ಸು ಹೇಳುತ್ತದೆ.

ಅಕ್ಕನ ಮಗನ ಗಾಡಿಯಲ್ಲಿ ಹಿರಿಯರಿದ್ದರು. ಒಳಹೋಗುವ ವಿದ್ಯೆಯನ್ನು ಚೆನ್ನಾಗಿಯೇ ಕಲಿಸಿದ್ದಾರೆ. ಹೊರಬರುವ ವಿದ್ಯೆ ಎಂದರೆ, ಸಮವಸ್ತ್ರ ಕಳಚಿ, ಮನೆಗೆ ಬಂದು, ತಾಯಿಯೆದುರು ಕುಳಿತು ಅನ್ನ ಕಲಸುವುದು. ಅದನ್ನು ಕಲಿಸುವವರು ಯಾರು? ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು, ಆ ಅಮೆರಿಕದಲ್ಲಿಯೂ, ಸುಮಾರು ಹತ್ತರಲ್ಲಿ ಒಬ್ಬರು. ಎಂದರೆ ತಪ್ಪಿಲ್ಲದೆ ಒತ್ತಿದ ಕೈಯೂ ಹತ್ತರಲ್ಲಿ ಒಂಬತ್ತು ಸಲ ಸೋಲುತ್ತದೆ. ಪರೀಕ್ಷೆಯಲ್ಲಿ ಸರಿಯಾಗಿ ಬರೆದರೆ ಅಂಕ ಬರುತ್ತದೆಂದು ಹತ್ತು ವರ್ಷ ಕಲಿತ ಮಗುವಿಗೆ, ಸರಿಯಾಗಿ ಮಾಡಿಯೂ ಸೋಲುವುದುಂಟೆಂಬ ಪಾಠ ಒಂದೇ ಮಧ್ಯಾಹ್ನದಲ್ಲಿ ಆಗಿಬಿಡುತ್ತದೆ. ನನಗೆ ಆ ಪಾಠವಾದಾಗ ಮೂವತ್ತೆಂಟು ದಾಟಿತ್ತು.

ಈ ಮಕ್ಕಳು ಸೇವೆಗಾಗಿ ಬರುವುದಿಲ್ಲ, ದೊಡ್ಡ ಕಾಲೇಜಿನ ಅರ್ಜಿಯಲ್ಲಿ ಬರೆದುಕೊಳ್ಳಲು ಬರುತ್ತಾರೆ ಎಂಬ ಆಕ್ಷೇಪವೂ ಉಂಟು. ಇರಬಹುದು. ಎನ್.ಎಸ್.ಎಸ್. ಶಿಬಿರಕ್ಕೆ ಪ್ರಮಾಣಪತ್ರದ ಆಸೆಗೆ ಬಂದ ಹುಡುಗರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇನೆ; ಅವರು ತೋಡಿದ ಇಂಗುಗುಂಡಿಯಲ್ಲಿ ನೀರು ಇಂಗಿದ್ದು ಸುಳ್ಳಲ್ಲ. ನಿಷ್ಕಾಮಕರ್ಮ ದೊಡ್ಡದು, ಸಂದೇಹವಿಲ್ಲ. ಆದರೆ ಉಸಿರು ನಿಂತವನಿಗೆ ಒತ್ತುವವನ ಕಾಮನೆ ಏನೆಂದು ವಿಚಾರಿಸುವ ಪುರುಸೊತ್ತಿಲ್ಲ. ನಾನು ತರಕಾರಿ ಚೀಲದವರೆದುರು ನಿಂತದ್ದು ಸಂಪೂರ್ಣ ನಿಷ್ಕಾಮವಾಗಿಯೇ!

ನನ್ನನ್ನು ಹೆಚ್ಚು ಕಾಡಿದ್ದು ಆ ‘ಹೇಳಬಾರದು’. ರೋಗಿಯ ಗುಟ್ಟು ರೋಗಿಯದೇ ಎಂಬುದು ಅವರ ಮೊದಲ ನಿಯಮಗಳಲ್ಲೊಂದು. ಸಣ್ಣ ಊರು, ಹೋದವರು ಬೀದಿಯ ಕೊನೆಯವರಿರಬಹುದು, ಪಾಠ ಹೇಳಿದವರೇ ಇರಬಹುದು. ನಾಳೆ ಅಂಗಡಿಯಲ್ಲಿ ಅವರ ಹೆಂಡತಿ ಸಿಕ್ಕರೆ ಇವನು ಏನೂ ಕಾಣದವನಂತೆ ತಲೆಬಾಗಿ ದಾರಿ ಬಿಡಬೇಕು. ಅಕ್ಕನಿಗೆ ಇದು ಮಗ ದೂರವಾದಂತೆ ಕಂಡಿದೆ. ನನಗೆ ಹಾಗೆ ಕಾಣುವುದಿಲ್ಲ. ಅಪರಿಚಿತನ ಮರ್ಯಾದೆಗಾಗಿ ತಾಯಿಯ ಮುನಿಸನ್ನು ತಾಳಿಕೊಂಡ ಹುಡುಗನನ್ನು ಮಗು ಎನ್ನುವುದು ಹೇಗೆ?

ಮಗು ಎಂಬ ಮಾತನ್ನು ನಾವು ಎಲ್ಲರಿಗೂ ಸಮನಾಗಿ ಹಂಚುವುದೂ ಇಲ್ಲ. ನಮ್ಮ ಬೀದಿಯ ಹೋಟೆಲಿನಲ್ಲಿ ಮೇಜು ಒರೆಸುವವನು, ಹಾಸಿಗೆ ಹಿಡಿದ ಅಜ್ಜಿಯ ಮಲಮೂತ್ರ ತೆಗೆದು ಶಾಲೆಗೆ ಓಡುವ ಹುಡುಗಿ, ಇವರ ಎಳೆತನ ನಮ್ಮ ಕಣ್ಣಿಗೆ ಬೀಳದು. ನಮ್ಮ ಮನೆಯ ಮಕ್ಕಳಿಗೆ ಮಾತ್ರ ಹದಿನೆಂಟಾದರೂ ಹಾಲುಗಲ್ಲ.

ಅಕ್ಕನಿಗೆ ಹೀಗೆ ಹೇಳಿದೆ: “ಬಿಡಿಸಬೇಡ. ಯಾರು ಅಂತಲೂ ಕೇಳಬೇಡ. ಬಡಿಸಿಟ್ಟು ಎದುರಿಗೆ ಕೂತುಕೋ. ಅವನು ಉಣ್ಣುವವರೆಗೆ ಏಳಬೇಡ. ನಿದ್ದೆಯೂ ಬರದೆ ಹೋದರೆ ದಳದ ಹಿರಿಯರಿಗೆ ತಿಳಿಸು, ಅದು ಅವರ ಕೆಲಸ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಮಗಳನ್ನು ಕಳಿಸುತ್ತಿದ್ದೆಯಾ?” ಎಂದಳು.

ನನ್ನ ಮಗಳಿಗೆ ಹದಿನೇಳು. ಎರಡನೆಯ ಪಿ.ಯು.ಸಿ.; ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಹಗಲುರಾತ್ರಿ ಓದು. ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ಕಣ್ಣು ಮುಚ್ಚಿ ಬರೆಯುತ್ತಾಳೆ. ಹೋದ ವರ್ಷ ನಮ್ಮ ತಂದೆ ಮನೆಯಲ್ಲೇ ತೀರಿಕೊಂಡರು. ಸಂಕಟ ಶುರುವಾದೊಡನೆ, ಮಾರನೆಯ ದಿನ ಅವಳಿಗೆ ಪರೀಕ್ಷೆಯಿದೆಯೆಂದು, ಪುಸ್ತಕದ ಸಮೇತ ಪಕ್ಕದ ಮನೆಗೆ ಕಳಿಸಿದವನು ನಾನೇ. ಶುದ್ಧೋದನ ಮಹಾರಾಜನಿಗೆ ಅರಮನೆಯಿತ್ತು. ನನಗೆ ಪಕ್ಕದ ಮನೆ.

ಫೋನು ಇಟ್ಟು ತಿರುಗಿದಾಗ ಅವಳು ಬಾಗಿಲಲ್ಲಿ ನಿಂತಿದ್ದಳು, ಮಾತೆಲ್ಲ ಕೇಳಿಸಿಕೊಂಡಿರಬೇಕು.

“ಅಪ್ಪ, ತಾತ ಹೋದ ದಿನ ಕೊನೆಗೆ ನನ್ನನ್ನೇನಾದರೂ ಕೇಳಿದರಾ?”

ಕೇಳಿದ್ದರು. ಎರಡು ಸಲ ಕೇಳಿದ್ದರು. ಹೌದೆನ್ನಲು ನನಗೆ ಬಹಳ ಹೊತ್ತು ಹಿಡಿಯಿತು.