ಹೊಕ್ಕುಳಬಳ್ಳಿಯ ರಕ್ತ: ಕೂಡಿಡಬೇಕೆ, ಕೊಡಬೇಕೆ?

ಪ್ರಶ್ನೆ: ಸೊಸೆಗೆ ಎಂಟು ತಿಂಗಳು. ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿಡಲು ಮಗ ಮುಂಗಡ ಕಟ್ಟಲು ಹೊರಟಿದ್ದಾನೆ. ದಾನ ಕೊಡೋಣ ಅಂತಾಳೆ ಸೊಸೆ. ಹುಟ್ಟುತ್ತಲೇ ಮಗುವಿನ ರಕ್ತ ಪರರ ಪಾಲಾದರೆ ದೋಷವಲ್ಲವೆ? ಸೂತಕದಲ್ಲಿ ದಾನ ಸಲ್ಲುತ್ತದೆಯೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದೋಷವೇನೂ ಇಲ್ಲ ತಾಯಿ. ಬಳ್ಳಿ ಕತ್ತರಿಸಿದ ಮೇಲೆ ಮಾಸಿನ ಕಡೆ ಉಳಿಯುವ ರಕ್ತ ಅದು. ತೆಗೆಯದಿದ್ದರೆ ಮಾಸಿನ ಜೊತೆ ಹೋಗುವಂಥದ್ದು. ಬಾಣಂತಿಗೂ ಮಗುವಿಗೂ ನೋವಿಲ್ಲ. ಹಿರಿಯರು ಜೋಪಾನ ಮಾಡುತ್ತಿದ್ದ ಒಣಗಿದ ಹೊಕ್ಕುಳ ಹೇಗೂ ನಿಮ್ಮ ಮನೆಗೇ ಬರುತ್ತದೆ.

ಬಳ್ಳಿ ಕತ್ತರಿಸುವವರೆಗೆ ಸೂತಕ ತಗಲದು ಎಂಬುದು ಧರ್ಮಶಾಸ್ತ್ರದ ಮಾತು. ಜಾತಕರ್ಮವನ್ನು ಅದಕ್ಕೆ ಮೊದಲೇ ಮಾಡಬೇಕೆಂದು ಮನುಸ್ಮೃತಿಯೂ ಹೇಳುತ್ತದೆ. ರಕ್ತ ತೆಗೆಯುವುದು ಕತ್ತರಿಸಿದ ಮೇಲಲ್ಲವೆ ಅಂತೀರಾ? ಒಪ್ಪಿಗೆಗೆ ಸಹಿ ಹೆರಿಗೆಗೆ ಮೊದಲೇ ಆಗಿರುತ್ತದಲ್ಲ, ಸಂಕಲ್ಪ ಅಲ್ಲಿಗೇ ಆಯಿತು. ಸಂಕಲ್ಪವಾದ ಕಾರ್ಯಕ್ಕೆ ಸೂತಕದ ಅಡ್ಡಿಯಿಲ್ಲ.

ಇನ್ನು ಮಗನ ವಿಚಾರ. ಮುಂದೆ ತನಗೇ ಬೇಕಾದೀತೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳಿದೆ. ಥಲಸ್ಸೇಮಿಯಾದಂಥ ಹುಟ್ಟುರೋಗ ಬಂದರೆ ಅದೇ ದೋಷ ಆ ರಕ್ತದಲ್ಲೂ ಇರುತ್ತದೆ! 1988ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಇಂಥ ರಕ್ತದಿಂದ ಚಿಕಿತ್ಸೆಯಾದಾಗಲೂ ತಂಗಿಯದನ್ನು ಅಣ್ಣನಿಗೆ ಕೊಟ್ಟದ್ದು. ಮನೆಯಲ್ಲಿ ಅಂಥ ಕಾಯಿಲೆಯ ಮಗುವಿದ್ದರೆ ಕೂಡಿಡುವುದು ಸರಿಯೇ. ಇಲ್ಲವಾದರೆ ಸೊಸೆಯ ಮಾತೇ ಮೇಲು.

ಒಂದು ಎಚ್ಚರ. ರಕ್ತ ಹೆಚ್ಚು ಸಿಗಲೆಂದು ಬಳ್ಳಿಯನ್ನು ಅವಸರದಿಂದ ಕತ್ತರಿಸಲು ಬಿಡಬೇಡಿ. ಕನಿಷ್ಠ ಒಂದು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ ಪಾಲು ಮಗುವಿನದೇ. ದಾನ ಪಡೆಯುವ ವ್ಯವಸ್ಥೆ ಎಲ್ಲ ಆಸ್ಪತ್ರೆಗಳಲ್ಲಿಲ್ಲ, ಈ ವಾರವೇ ವೈದ್ಯರನ್ನು ಕೇಳಿ. ಇಲ್ಲವೆಂದರೆ ಬೇಸರ ಬೇಡ, ಆ ಮುಂಗಡದ ಹಣದಲ್ಲಿ ಯಾರಾದರೂ ಬಡ ಬಾಣಂತಿಯ ಆಸ್ಪತ್ರೆ ಖರ್ಚು ನೋಡಿಕೊಳ್ಳಿ.