ಮುಖ್ಯ ಅತಿಥಿ ಯಾರು?

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ಒಂದಿಷ್ಟು ದೂರ ಹೋದರೆ ದಾಬಸ್‌ಪೇಟೆ ಸಿಗುತ್ತದೆ. ಹತ್ತಿರದಲ್ಲೇ ಶಿವಗಂಗೆಯ ಬೆಟ್ಟ, ಸುತ್ತ ಸೋಂಪುರ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಎಂಬ ಸೇನಾಧಿಕಾರಿಯ ಹೆಸರು ಈ ಪೇಟೆಗೆ ಅಂಟಿಕೊಂಡಿದೆ. ರಸ್ತೆಗೆ ಕಲ್ಲು ಹೊತ್ತವರ ಹೆಸರನ್ನು ಯಾವ ಊರಿಗೂ ಇಟ್ಟಂತಿಲ್ಲ. ಇರಲಿ, ಅದು ಬೇರೆ ಮಾತು. ಬೇರೆಯೇ ಎಂದು ಖಚಿತವಾಗಿ ಹೇಳಲೂ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಆ ಕಡೆಯ ಒಂದು ಸೇವಾ ಕ್ಲಬ್ಬಿನವರು ಕಾರ್ಮಿಕರಿಗಾಗಿ ಉಚಿತ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸಿದ್ದರು. ಪತ್ರಿಕೆಗಳಲ್ಲಿ ನಾಲ್ಕಕ್ಷರ ಬರೆಯುತ್ತೇವೆಂಬ ಕಾರಣಕ್ಕೆ ನಮ್ಮನ್ನೂ ಅತಿಥಿ ಭಾಷಣಕ್ಕೆ ಕರೆದಿದ್ದರು. ವಿಷಯ: ಸೇವೆ ಮತ್ತು ಮಾನವೀಯತೆ. ಮುಖ್ಯ ಅತಿಥಿಗಳು ಬರುವುದು ತಡವಾಯಿತು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಕಾರ್ಮಿಕರು ಶಾಮಿಯಾನದ ಕೆಳಗೆ ಕುಳಿತು ತೂಕಡಿಸುತ್ತಿದ್ದರು. ಉದ್ಘಾಟನೆ ಆಗದೆ ರಕ್ತ ಪರೀಕ್ಷೆ ಆರಂಭಿಸುವಂತಿರಲಿಲ್ಲ. ಕೊನೆಗೆ ಅತಿಥಿಗಳು ಬಂದರು, ದೀಪ ಬೆಳಗಿತು, ಹಾರ, ಶಾಲು, ಸ್ಮರಣಿಕೆ ಎಲ್ಲ ಮುಗಿದು ನಮ್ಮ ಸರದಿ ಬಂತು. ನಾವು ಮಾತು ಆರಂಭಿಸಿ ಐದು ನಿಮಿಷ ಆಗಿರಬಹುದು, ಹಿಂದಿನ ಸಾಲಿನಲ್ಲಿದ್ದ ನಡುವಯಸ್ಸಿನ ಒಬ್ಬಾತ ಎದ್ದು ನಿಂತ.

"ಸಾ, ಒಂದ್ ಮಾತು. ಹೋದ್ ವರ್ಷಾನೂ ಇಲ್ಲೇ ರಕ್ತ ತಗಂಡು ಸಕ್ಕರೆ ಐತೆ ಅಂದ್ರು. ಅದರ ಹಿಂದಿನ ವರ್ಷಾನೂ ಅಂದ್ರು. ಮಾತ್ರೆ ಬರೆಸ್ಕೊಳಾಕೆ ಆಸ್ಪತ್ರೆಗೆ ಹೋದ್ರೆ ಆವತ್ತಿನ ಕೂಲಿ ಹೋಯ್ತದೆ. ಅದಕ್ಕೇನ್ ಮಾಡೋದು ಅಂತ ಯಾರಾನ ಹೇಳ್ತೀರಾ?"

ನಿರೂಪಕರು ಮುಗುಳ್ನಗುತ್ತಲೇ ಕೈಸನ್ನೆ ಮಾಡಿ ಕುಳಿತುಕೊಳ್ಳುವಂತೆ ಹೇಳಿದರು. ಆತ ಕುಳಿತ. ನಾವು ಮಾತು ಮುಂದುವರಿಸಿದೆವು. ಮಾನವೀಯತೆಯ ಬಗ್ಗೆ.

ಅಂದು ಮನೆಗೆ ಮರಳುವಾಗ ಬಸ್ಸಿನಲ್ಲಿ ನೆನಪಾದದ್ದು ಪವಿತ್ರ ಕುರ್‌ಆನಿನ ಎಂಬತ್ತನೆಯ ಅಧ್ಯಾಯ 'ಅಬಸ'. 'ಮುಖ ಗಂಟಿಕ್ಕಿದರು' ಎಂಬುದು ಆ ಪದದ ಅರ್ಥ. ಹೆಚ್ಚಿನ ವ್ಯಾಖ್ಯಾನಕಾರರು ಅದರ ಹಿನ್ನೆಲೆಯನ್ನು ಹೀಗೆ ವಿವರಿಸುತ್ತಾರೆ: ಪ್ರವಾದಿ ಮುಹಮ್ಮದರು(ಸ) ಮಕ್ಕಾದ ಕುರೈಶ್ ಮುಖಂಡರೊಂದಿಗೆ ಮಾತನಾಡುತ್ತಿದ್ದರು. ಅವರ ಮನ ಒಲಿದರೆ ಇಡೀ ಊರೇ ಒಲಿದೀತು ಎಂಬ ಸದಾಶಯ. ಆಗ ಇಬ್ನ್ ಉಮ್ಮು ಮಕ್ತೂಮ್ ಎಂಬ ಅಂಧ ವ್ಯಕ್ತಿ ಬಂದು ನಡುವೆ ಏನೋ ಕೇಳಿದರು. ಪ್ರವಾದಿಯವರ(ಸ) ಹುಬ್ಬು ಗಂಟಿಕ್ಕಿತು, ಅವರು ಮುಖಂಡರ ಕಡೆಗೇ ತಿರುಗಿದರು. ಎದುರಿಗಿದ್ದವನಿಗೆ ಆ ಗಂಟಿಕ್ಕಿದ ಹುಬ್ಬು ಕಾಣುವಂತೆಯೂ ಇರಲಿಲ್ಲ. ಆದರೂ ಅಲ್ಲಾಹನು ಅದನ್ನು ಹಾಗೆಯೇ ಬಿಡಲಿಲ್ಲ. ಪರಿವೆಯೇ ಇಲ್ಲದವರ ಹಿಂದೆ ಹೋಗಿ, ತವಕದಿಂದ ಓಡಿ ಬಂದವನನ್ನು ಕಡೆಗಣಿಸಿದ್ದನ್ನು ತಿದ್ದುವ ವಚನಗಳು ಅವತೀರ್ಣಗೊಂಡವು. ಇದೇ ಇಬ್ನ್ ಉಮ್ಮು ಮಕ್ತೂಮ್ ಮುಂದೆ ಮದೀನಾದಲ್ಲಿ ಬಿಲಾಲರ ಜೊತೆ ಅಝಾನ್ ಕೊಡುವವರಾದರು. ಪ್ರವಾದಿಯವರು(ಸ) ಊರಲ್ಲಿ ಇಲ್ಲದಾಗ ಒಂದಕ್ಕಿಂತ ಹೆಚ್ಚು ಬಾರಿ ಮದೀನಾದ ಹೊಣೆಯನ್ನು ಅವರಿಗೇ ವಹಿಸಿ ಹೋದದ್ದೂ ಇತಿಹಾಸದಲ್ಲಿದೆ.

ಈ ಪ್ರಸಂಗವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ, ಬಡವರನ್ನು ಪ್ರೀತಿಯಿಂದ ಕಾಣಬೇಕು ಎಂಬ ನೀತಿಗಾಗಿ ಹೇಳಿಯೂ ಇದ್ದೇವೆ. ಆದರೆ ಇಬ್ನ್ ಉಮ್ಮು ಮಕ್ತೂಮ್ ಭಿಕ್ಷೆಗೆ ಬಂದವರಲ್ಲ. ಅವರಿಗೆ ಯಾರೂ ಏನನ್ನೂ ಕೊಡದೆ ಇರಲಿಲ್ಲ. ಅವರ ಮಾತಿಗೆ ಕಿವಿಗೊಡಲಿಲ್ಲ, ಅಷ್ಟೇ. ಆಕ್ಷೇಪ ಬಂದದ್ದು ಅದಕ್ಕಾಗಿ. ಕೈಗೆ ಏನಾದರೂ ಕೊಡುವುದು ಒಂದು, ಕಿವಿ ಕೊಡುವುದು ಇನ್ನೊಂದು. ಮೊದಲನೆಯದನ್ನು ಮಾಡಿದ ಮೇಲೆ ಎರಡನೆಯದನ್ನು ಬಿಟ್ಟರೂ ನಡೆಯುತ್ತದೆಯೇ? ನಮ್ಮ ಸೇವಾ ಸಂಸ್ಥೆಗಳೆಲ್ಲ ಬಹುಮಟ್ಟಿಗೆ ನಡೆಯುತ್ತದೆ ಎಂದೇ ನಂಬಿದಂತಿದೆ.

ಕ್ಲಬ್ಬುಗಳನ್ನು ಹಳಿಯುವುದು ಸುಲಭ. ಅವು ಮಾಡಿದ ಕೆಲಸ ಸಣ್ಣದಲ್ಲ. 1905ರಲ್ಲಿ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರನ್ನು ಕೂಡಿಸಿಕೊಂಡು ರೋಟರಿ ಆರಂಭಿಸಿದಾಗ ಅದು ಬೇರೆ ಬೇರೆ ವೃತ್ತಿಯವರ ಸ್ನೇಹಕೂಟವಾಗಿತ್ತು. ಸರದಿಯ ಪ್ರಕಾರ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರಿಂದ ಆ ಹೆಸರು. ಎರಡು ವರ್ಷಗಳ ನಂತರ ಅವರು ಕೈಗೆತ್ತಿಕೊಂಡ ಮೊದಲ ಊರ ಕೆಲಸ ಯಾವುದು ಗೊತ್ತೇ? ಸಾರ್ವಜನಿಕ ಶೌಚಾಲಯ. ಇಂದು ಯಾವ ಕ್ಲಬ್ಬಿನ ಅಧ್ಯಕ್ಷರು ಶೌಚಾಲಯದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಇಷ್ಟಪಡುತ್ತಾರೋ ತಿಳಿಯದು. ಆದರೆ ಹೆದ್ದಾರಿ ಬದಿಯಲ್ಲಿ ಕಾರ್ಖಾನೆಯ ಬಸ್ಸಿಗಾಗಿ ಕಾಯುವ ಹೆಣ್ಣುಮಗಳೊಬ್ಬಳನ್ನು "ನಿನಗೇನು ಬೇಕಮ್ಮ" ಎಂದು ಕೇಳಿ ನೋಡಿ. ನೋಟ್‌ಬುಕ್, ಛತ್ರಿ, ಸೀರೆಗಿಂತ ಮೊದಲು ಅವಳು ಯಾವುದರ ಮಾತು ಎತ್ತಿಯಾಳು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಅತಿಥಿಯೊಬ್ಬರ ಭಾಷಣ ಒಂದು ಸಂಸ್ಥೆಯ ದಿಕ್ಕನ್ನೇ ಬದಲಿಸಿದ ಉದಾಹರಣೆಯೂ ಇದೆ. 1917ರಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆಯ 1925ರ ಸಮ್ಮೇಳನ ಅಮೆರಿಕದ ಓಹಾಯೋ ರಾಜ್ಯದ ಸೀಡರ್ ಪಾಯಿಂಟ್ ಎಂಬಲ್ಲಿ ನಡೆಯಿತು. ಅಲ್ಲಿ ಮಾತನಾಡಿದವರು ಹೆಲೆನ್ ಕೆಲ್ಲರ್. ಎಳವೆಯಲ್ಲೇ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡವರು. ಅವರು ಲಯನ್ಸ್ ಸದಸ್ಯರನ್ನು ಹೊಗಳಿ ಕುಳಿತುಕೊಳ್ಳಲಿಲ್ಲ. ಅಂಧರ ಪರವಾಗಿ ನಿಲ್ಲಿ ಎಂದು ನೇರವಾಗಿ ಕೇಳಿದರು, ಕತ್ತಲೆಯ ವಿರುದ್ಧ ಹೋರಾಡುವ ವೀರರಾಗಿ ಎಂದು ಹಕ್ಕಿನಿಂದ ಒತ್ತಾಯಿಸಿದರು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ಗುರುತೇ ಆಯಿತು. ಹೆಲೆನ್ ಕೆಲ್ಲರ್ ಆಗಲೇ ಜಗತ್ಪ್ರಸಿದ್ಧರಾಗಿದ್ದರು ನಿಜ, ಹೆಸರಿಲ್ಲದ ಅಂಧ ಹೆಂಗಸೊಬ್ಬಳಿಗೆ ಆ ವೇದಿಕೆ ಸಿಗುತ್ತಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಆದರೂ ಅಂದು ಮಾತನಾಡಿದವರು ಅಂಧರ ಬಗ್ಗೆ ಓದಿಕೊಂಡ ಗಣ್ಯರಲ್ಲ, ಸ್ವತಃ ಅಂಧರು. ವ್ಯತ್ಯಾಸ ಅಲ್ಲಿದೆ.

ನಮ್ಮ ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಅವರಿಗೆ ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗಲಿಲ್ಲ. ಆ ಅವಮಾನದಿಂದಲೇ ನ್ಯೂಪಡ್ಪಿನ ಶಾಲೆ ಹುಟ್ಟಿತು. ಊರಿಗೆ ಶಾಲೆ ಬೇಕೆಂದು ಅವರಿಗೆ ಯಾವ ಸಮೀಕ್ಷೆಯೂ ತಿಳಿಸಬೇಕಾಗಿರಲಿಲ್ಲ. 2020ರಲ್ಲಿ ಪದ್ಮಶ್ರೀ ಘೋಷಣೆಯಾದ ಮೇಲೆ ಅವರನ್ನು ವೇದಿಕೆಗೆ ಕರೆಯುವುದು ಸುಲಭ. ಬುಟ್ಟಿ ಹೊತ್ತು ಬೀದಿಯಲ್ಲಿ ನಿಂತಿದ್ದ ಕಾಲದಲ್ಲಿ ನಾವು ಕರೆಯುತ್ತಿದ್ದೆವೇ?

ಕಿವಿಗೊಡುವುದು ಬರೀ ಸೌಜನ್ಯದ ವಿಷಯ ಎಂದು ಭಾವಿಸಬೇಕಾಗಿಲ್ಲ, ಅದು ಕೆಲಸ ಕೈಗೂಡುವ ವಿಷಯವೂ ಹೌದು. ಪೋಲಿಯೋ ವಿರುದ್ಧ ರೋಟರಿ ಸಂಸ್ಥೆ 1985ರಿಂದ ಜಗತ್ತಿನಾದ್ಯಂತ ಹಣ, ಜನ ಎರಡನ್ನೂ ಸುರಿಯಿತು. ಆದರೆ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಬಾಗಿಲುಗಳು ಮುಚ್ಚಿಕೊಂಡವು. ಹನಿ ಹಾಕಿದರೆ ಮಕ್ಕಳು ಮುಂದೆ ಬಂಜೆಯಾಗುತ್ತಾರೆ ಎಂಬ ವದಂತಿ ಒಂದು ಕಡೆ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭವಿತ್ತು, ಅನೇಕರು ತಳ್ಳಿಹಾಕಿಯೂ ಬಿಟ್ಟರು. ಆದರೆ ಆ ಮನೆಗಳ ತಾಯಂದಿರು ಇನ್ನೊಂದು ಮಾತೂ ಆಡುತ್ತಿದ್ದರು: ಮಗುವಿಗೆ ಜ್ವರ ಬಂದರೆ, ಭೇದಿಯಾದರೆ ತಿರುಗಿ ನೋಡದವರು ಈ ಎರಡು ಹನಿಗಾಗಿ ಮಾತ್ರ ಮತ್ತೆ ಮತ್ತೆ ಬಾಗಿಲು ಬಡಿಯುವುದೇಕೆ? ಇದು ಅಜ್ಞಾನದ ಮಾತಲ್ಲ, ನ್ಯಾಯದ ಮಾತು. ಕ್ರಮೇಣ ಸ್ಥಳೀಯ ಇಮಾಮರು, ಉಲಮಾಗಳು, ಅದೇ ಗಲ್ಲಿಯ ಮಹಿಳೆಯರು ಕಾರ್ಯಕರ್ತರಾಗಿ ಮನೆಮನೆಗೆ ಹೋದರು. ಶುಚಿತ್ವ, ಅತಿಸಾರ, ಕುಡಿಯುವ ನೀರು ಕೂಡ ಕಾರ್ಯಕ್ರಮದೊಳಗೆ ಸೇರಿಕೊಂಡವು. ಬಾಗಿಲುಗಳು ತೆರೆದವು. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂತು, 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು. ಈ ಯಶಸ್ಸಿನಲ್ಲಿ ರೋಟರಿಗೆ, ಸರಕಾರಕ್ಕೆ, ಆರೋಗ್ಯ ಕಾರ್ಯಕರ್ತರಿಗೆ ಸಲ್ಲಬೇಕಾದ ಪಾಲು ಸಲ್ಲಲಿ. ಬಾಗಿಲ ಹಿಂದೆ ನಿಂತು ಪ್ರಶ್ನೆ ಕೇಳಿದ ಆ ತಾಯಂದಿರಿಗೂ ಒಂದು ಪಾಲಿದೆ.

ಈಗ ದಾಬಸ್‌ಪೇಟೆಯ ಆ ಕಾರ್ಮಿಕನ ಮಾತಿಗೆ ಮರಳೋಣ. ಅವನು ಕೇಳಿದ್ದು ದಾನವನ್ನಲ್ಲ. 1948ರ ಕಾಯ್ದೆಯಿಂದ ಆರಂಭವಾದ ಇಎಸ್‌ಐ ವ್ಯವಸ್ಥೆ ನಮ್ಮ ದೇಶದಲ್ಲಿದೆ. 2017ರಲ್ಲಿ ಅದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಗುತ್ತಿಗೆ ಕಾರ್ಮಿಕನೂ ಅದರೊಳಗೆ ಬರುತ್ತಾನೆ. ಹೆಸರು ನೋಂದಾಯಿಸಿ ಕಂತು ಕಟ್ಟಿದ್ದರೆ ಅವನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ, ಔಷಧಿ ಇದೆ, ವೈದ್ಯರು ರಜೆ ಬರೆದುಕೊಟ್ಟ ದಿನಗಳಿಗೆ ನಿಯಮಾನುಸಾರ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು ಪರಿಹಾರವೂ ಇದೆ. ಅವನ ಹೆಸರು ನೋಂದಾವಣೆಯಾಗಿತ್ತೇ? ಕಾರ್ಡು ಅವನ ಕೈಗೆ ಬಂದಿತ್ತೇ? ಇಷ್ಟನ್ನು ಅಂದು ಯಾರಾದರೂ ಕೇಳಬಹುದಿತ್ತು. ವೇದಿಕೆಯಲ್ಲಿ ಲೆಕ್ಕ ಪರಿಶೋಧಕರಿದ್ದರು, ವಕೀಲರಿದ್ದರು, ವೈದ್ಯರಿದ್ದರು, ಕಾರ್ಖಾನೆ ನಡೆಸುವವರೂ ಇದ್ದರು. ಅವನ ಪ್ರಶ್ನೆಗೆ ಬೇಕಾದ ಅಷ್ಟೂ ಜ್ಞಾನ ಅದೇ ವೇದಿಕೆಯ ಮೇಲೆ ಸಾಲಾಗಿ ಶಾಲು ಹೊದ್ದು ಕುಳಿತಿತ್ತು.

ಬಹುಶಃ ತೊಡಕು ಇರುವುದೇ ಇಲ್ಲಿ. ಪಡೆಯುವವನು ಬಾಯಿ ತೆರೆದರೆ, ನಾವು ಕೊಡುಗೆ ಎಂದು ಭಾವಿಸಿದ್ದು ಅವನಿಗೆ ಸಲ್ಲಬೇಕಾದ ಬಾಕಿ ಎಂದು ಬಯಲಾಗಬಹುದು. ಶ್ರೀಮಂತರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಇರುವುದನ್ನು ಕುರ್‌ಆನ್ ಕರೆಯುವುದು 'ಹಕ್' ಎಂದು, ಕೃಪೆ ಎಂದಲ್ಲ. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ಆ ದಾನವೇ ನಿಷ್ಫಲವಾಗುತ್ತದೆ ಎಂಬ ಎಚ್ಚರಿಕೆಯೂ ಅಲ್-ಬಕರ ಅಧ್ಯಾಯದಲ್ಲಿದೆ. ಕನ್ನಡ ನಾಡಿನ ಶರಣರೂ ದಾನ ಎಂಬ ಪದವನ್ನು ಬದಿಗಿಟ್ಟು ದಾಸೋಹ ಎಂದರು. ಅಲ್ಲಿ ಕೊಡುವವನೇ ದಾಸ. ದಾಬಸ್‌ಪೇಟೆಯಿಂದ ಇದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಸಿಗುವ ಸಿದ್ಧಗಂಗೆಯಲ್ಲಿ, 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ನಿಧನರಾದ ಶಿವಕುಮಾರ ಸ್ವಾಮೀಜಿಯವರು ಜಾತಿ, ಧರ್ಮ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದು ಆ ಪದದ ನೆರಳಿನಲ್ಲೇ.

ಕ್ಲಬ್ಬುಗಳ ಕಡೆಗೆ ಬೆರಳು ತೋರಿಸಿ ನಾವು ಜಾರಿಕೊಳ್ಳುವಂತಿಲ್ಲ. ರಮಝಾನ್ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಏನು ನಡೆಯುತ್ತದೆ? ಝಕಾತ್ ಹಣದ ರೇಷನ್ ಕಿಟ್‌ಗಾಗಿ ಬುರ್ಖಾ ಧರಿಸಿದ ವಿಧವೆಯರು ಬಿಸಿಲಲ್ಲಿ ಸಾಲುಗಟ್ಟುತ್ತಾರೆ. ಚೀಲದ ಮೇಲೆ ಕೊಟ್ಟವರ ಚಿತ್ರ. ಚೀಲವನ್ನು ಎರಡೂ ಕಡೆಯಿಂದ ಹಿಡಿದು ಕ್ಯಾಮೆರಾದತ್ತ ನೋಡಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕಲಿತ ಸಮುದಾಯದಲ್ಲಿ ಅದು ಇಡೀ ವಾಟ್ಸ್‌ಆ್ಯಪ್‌ಗೆ ತಿಳಿಯುತ್ತದೆ. ಆ ಸಾಲಿನಲ್ಲಿ ನಿಂತ ಹೆಂಗಸಿಗೆ ಅಕ್ಕಿ ಬೇಕಿತ್ತೋ, ಮಗಳ ಕಾಲೇಜು ಫೀಜು ಬೇಕಿತ್ತೋ, ಹೊಲಿಗೆ ಯಂತ್ರದ ರಿಪೇರಿ ಬೇಕಿತ್ತೋ, ಕೇಳಿದವರು ಕಡಿಮೆ.

ಪ್ರಚಾರ ಇಲ್ಲದೆ ಹಣ ಕೂಡುವುದು ಹೇಗೆ ಎಂದು ಸಂಘಟಕರು ಕೇಳುತ್ತಾರೆ. ಅದರಲ್ಲೂ ಸತ್ಯವಿದೆ. ಬಹಿರಂಗವಾಗಿ ಕೊಡುವುದನ್ನು ಕುರ್‌ಆನ್ ನಿಷೇಧಿಸಿಲ್ಲ, ಒಳ್ಳೆಯದೆಂದೇ ಹೇಳಿ, ಗುಟ್ಟಾಗಿ ಬಡವರಿಗೆ ತಲುಪಿಸುವುದು ಇನ್ನೂ ಒಳ್ಳೆಯದು ಎಂದಿದೆ. ಒಬ್ಬರನ್ನು ನೋಡಿ ಇನ್ನೊಬ್ಬರು ಕೊಡುತ್ತಾರೆ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪೆನಿಗಳು ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ನಿಯಮ ಬಂದ ಮೇಲಂತೂ ಲೆಕ್ಕ ತೋರಿಸಲು ಫೋಟೋ ಬೇಕೇ ಬೇಕು. ಹಾಗಿದ್ದರೆ ಫೋಟೋ ಇರಲಿ. ಕೊಡುವವರ ಫೋಟೋ ಸಾಕು. ಪಡೆಯುವವರಿಂದ ಬೇಕಾದದ್ದು ಮುಖವಲ್ಲ, ಮಾತು.

ಮೊನ್ನೆ ಅದೇ ಕ್ಲಬ್ಬಿನ ಕಾರ್ಯದರ್ಶಿಗಳಿಂದ ಮತ್ತೆ ಆಹ್ವಾನ ಬಂದಿದೆ. ಒಳ್ಳೆಯ ಮನುಷ್ಯ, ಸ್ವಂತ ಕೆಲಸ ಬಿಟ್ಟು ಓಡಾಡುವವರು. ನಮ್ಮ ಪರಿಚಯದ ನಾಲ್ಕು ಸಾಲು ಕಳಿಸಿ ಎಂದಿದ್ದರು. ನಾವು ಫೋನ್ ಮಾಡಿ, ಬರುತ್ತೇವೆ, ಭಾಷಣ ಬೇಡ ಎಂದೆವು. ಅಂದು ಎದ್ದು ನಿಂತಿದ್ದ ಆ ಕಾರ್ಮಿಕ ಇನ್ನೂ ಅಲ್ಲೇ ಇದ್ದರೆ ಹುಡುಕಿ, ಇಲ್ಲದಿದ್ದರೆ ಅವನಂಥ ಇನ್ನಿಬ್ಬರನ್ನು ಕರೆಯಿರಿ, ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಸಭೆ ಇಡಿ, ಅವರು ಹೇಳಲಿ, ನಿಮ್ಮ ವಕೀಲರೂ ವೈದ್ಯರೂ ಕೆಳಗೆ ಕುಳಿತು ಬರೆದುಕೊಳ್ಳಲಿ ಎಂದೆವು. ಅವನ ಹೆಸರೇನು ಎಂದು ಕೇಳಿದರು. ಅಂದು ನಾವೂ ಕೇಳಿಕೊಂಡಿರಲಿಲ್ಲ. ಸ್ವಲ್ಪ ಹೊತ್ತು ಆ ಕಡೆ ಮೌನ. ಆಮೇಲೆ ಕಾರ್ಯದರ್ಶಿಗಳು ಅಂದರು:

"ಆಗ್ಲಿ ಸಾರ್, ವಿಚಾರಿಸ್ತೀನಿ. ಆದ್ರೆ ಅವ್ರು ಎಷ್ಟ್ ಹೊತ್ತು ಮಾತಾಡ್ತಾರೆ?"